ಕುದುರೆಮುಖ: ಅದಿರಿನ ಕೊಳವೆ ಹೊರಟ ಊರು

ಕುದುರೆಮುಖ ಎಂಬ ಹೆಸರಿನ ಶಿಖರವೂ ಇದೆ, ಊರೂ ಇದೆ. 1,894 ಮೀಟರ್ ಎತ್ತರದ ಶಿಖರ ಹಿಂದಿನಿಂದಲೂ ಹೆಸರಾದದ್ದು. ಊರು ಮಾತ್ರ 1976ರ ಈಚೆಗೆ ಕಟ್ಟಿದ್ದು. ಬಹುಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕಳಸ ತಾಲ್ಲೂಕಿನಲ್ಲಿದೆ. ಕಳಸದಿಂದ ಸಂಸೆ ದಾಟಿ ಸುಮಾರು 20 ಕಿಲೋಮೀಟರ್ ಹೋದರೆ ಕಾಫಿ, ಅಡಿಕೆ ತೋಟಗಳು ಹಿಂದೆ ಸರಿದು ಹುಲ್ಲಿನ ಬೋಳುಗುಡ್ಡಗಳೂ ಅವುಗಳ ಮಡಿಲಲ್ಲಿ ಶೋಲಾ ಕಾಡುಗಳೂ ಎದುರಾಗುತ್ತವೆ. ಗುಡ್ಡಗಳ ನಡುವಿನ ತಗ್ಗಿನಲ್ಲಿ, ಭದ್ರಾ ಹೊಳೆಯ ಮಗ್ಗುಲಲ್ಲಿ ಊರಿದೆ. ವರ್ಷಕ್ಕೆ 6,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಾಗವಿದು. ಇದಕ್ಕೆ ಹತ್ತಿರದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ.

ಗಣಿ ಕಂಪನಿ ಬರುವ ಮೊದಲು ಇಲ್ಲಿದ್ದದ್ದು ಮಲ್ಲೇಶ್ವರ ಎಂಬ ಹಳ್ಳಿ. ಗದ್ದೆ, ಏಲಕ್ಕಿ, ದನ ಮೇಯಿಸುವ ಗುಡ್ಡ, ಅಲ್ಲೊಂದು ಇಲ್ಲೊಂದು ಮನೆ, ಇಷ್ಟೇ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಅಧಿಕಾರಿಗಳು ಬೇಸಿಗೆಯ ಧಗೆ ತಪ್ಪಿಸಿಕೊಳ್ಳಲು ಶಿಖರದ ಕಡೆ ಹತ್ತಿ ಬರುತ್ತಿದ್ದರು. ಆಗಿನ ಕಟ್ಟಡದ ಮುರುಕು ಗೋಡೆ ಚಾರಣಿಗರಿಗೆ ಈಗಲೂ ಕಾಣಸಿಗುತ್ತದೆ. ಗುಡ್ಡದ ಒಳಗೇನಿದೆ ಎಂಬುದು ಗೊತ್ತಾದದ್ದು 1913ರಲ್ಲಿ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅರೋಳಿ–ಕುದುರೆಮುಖ ಸಾಲಿನಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಅದು ಮ್ಯಾಗ್ನಟೈಟ್ ಜಾತಿಯದು. ಕಬ್ಬಿಣದ ಅಂಶ ಶೇ 40ಕ್ಕೂ ಕಡಿಮೆ. ಅಗೆದು ನೇರವಾಗಿ ಮಾರುವ ಸರಕಲ್ಲ. ಪುಡಿ ಮಾಡಿ, ಅಯಸ್ಕಾಂತದಿಂದ ಬೇರ್ಪಡಿಸಿದರಷ್ಟೇ ಬೆಲೆ. ಹೀಗಾಗಿ ಗುರುತಿಸಿದ ಮೇಲೂ ಅರವತ್ತು ವರ್ಷ ಅದನ್ನು ಯಾರೂ ತೆಗೆಯಲಿಲ್ಲ.

1969ರಲ್ಲಿ 30 ವರ್ಷದ ಗಣಿ ಗುತ್ತಿಗೆ ಮಂಜೂರಾಯಿತು. ವಿಸ್ತೀರ್ಣ 4,600 ಹೆಕ್ಟೇರ್‌ಗಿಂತ ತುಸು ಹೆಚ್ಚು. ಹಣ ಬಂದದ್ದು ಇರಾನಿನಿಂದ. 1975ರ ನವೆಂಬರ್‌ನಲ್ಲಿ ಷಾ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, ಭಾರತ 15 ಕೋಟಿ ಟನ್ ಅದಿರು ಪೂರೈಸಬೇಕು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಪದಚ್ಯುತನಾದ; ಸಾಲದ ಕಂತುಗಳೂ ನಿಂತವು, ಕೊಳ್ಳುವ ಗಿರಾಕಿಯೂ ಇಲ್ಲವಾದ. ಉಳಿದ ಹಣವನ್ನು ಭಾರತ ಸರ್ಕಾರವೇ ಹಾಕಿ 1980ರಲ್ಲಿ ಕೆಲಸ ಮುಗಿಸಿತು. ಮಲ್ಲೇಶ್ವರದ ಜಾಗದಲ್ಲಿ ಕ್ವಾರ್ಟರ್ಸ್ ಸಾಲು, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ ಎದ್ದವು. ಅದಿರು ಬೇರ್ಪಡಿಸುವ ಕಾರ್ಖಾನೆಯ ಗಸಿ ತಡೆಯಲು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಲಾಯಿತು. 2001ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಎಂಟು ಸಾವಿರ ದಾಟಿತ್ತು.

ಅದಿರನ್ನು ಲಾರಿಯಲ್ಲೋ ರೈಲಿನಲ್ಲೋ ಘಟ್ಟ ಇಳಿಸುವುದು ಆಗದ ಮಾತು. ಅದಕ್ಕಾಗಿ ಕುದುರೆಮುಖದಿಂದ ಮಂಗಳೂರಿನ ಪಣಂಬೂರಿಗೆ 67 ಕಿಲೋಮೀಟರ್ ಉದ್ದದ ಉಕ್ಕಿನ ಕೊಳವೆ ಹಾಕಲಾಯಿತು. ರಸ್ತೆಯಲ್ಲಿ ಹೋಗುವವರಿಗೆ ಇದಕ್ಕಿಂತ ಎಷ್ಟೋ ದೂರ. ಕೊಳವೆ ಗುಡ್ಡ ಸೀಳಿಕೊಂಡು ಅಡ್ಡದಾರಿ ಹಿಡಿದಿತ್ತು. ನುಣ್ಣಗೆ ಅರೆದ ಅದಿರಿಗೆ ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಕೊಳವೆಗೆ ಬಿಡುವುದು ಕ್ರಮವಾಗಿತ್ತು. ಹರಿವು ನಿಧಾನವಾದರೆ ಅದಿರು ತಳ ಹಿಡಿಯುತ್ತದೆ. ಜೋರಾದರೆ ಕೊಳವೆಯ ಒಳಮೈ ಸವೆಯುತ್ತದೆ. ಇಳಿಜಾರು ತೀರ ಕಡಿದಾಗಿದ್ದರೆ ಹರಿವು ನಿಂತಾಗ ಪುಡಿಯೆಲ್ಲ ಜಾರಿ ಕೆಳಗಿನ ತಗ್ಗಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಘಟ್ಟದ ಏರಿಳಿತ ಇಂಥ ಕೊಳವೆಗೆ ಅನುಕೂಲವೂ ಹೌದು, ತೊಂದರೆಯೂ ಹೌದು. ನೀರಿನ ಆಮ್ಲತೆ ತಗ್ಗಿಸಿ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು, ಒತ್ತಡದ ಏರಿಳಿತವನ್ನು ಹಗಲಿರುಳು ಗಮನಿಸುವುದು, ನಿಲ್ಲಿಸಬೇಕಾದಾಗ ಬರಿ ನೀರು ಹರಿಸಿ ತೊಳೆಯುವುದು ಇಲ್ಲಿನ ನಿತ್ಯದ ಎಚ್ಚರಿಕೆಯಾಗಿತ್ತು. ಪಣಂಬೂರಿನಲ್ಲಿ ಸೋಸಿ ತೆಗೆದ ಕಪ್ಪು ಪುಡಿ ಹಡಗಿಗೆ ಹೋಗುತ್ತಿತ್ತು. 1987ರಲ್ಲಿ ಅಲ್ಲೇ ಉಂಡೆ ಕಟ್ಟುವ ಕಾರ್ಖಾನೆ ಬಂದ ಮೇಲೆ ಒಂದು ಪಾಲು ಅದಕ್ಕೂ ಹೋಯಿತು. ಇದರ ಜೊತೆ ನಡೆದ ಇನ್ನೊಂದು ಸಂಗತಿಯ ಬಗ್ಗೆ ಮಾತು ಕಡಿಮೆ. ಭದ್ರೆಯ ನೀರು ಸ್ವಭಾವತಃ ಮೂಡಣಕ್ಕೆ ಹರಿದು, ತುಂಗಭದ್ರೆಯಾಗಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿ ಸೇರಬೇಕಾದದ್ದು. ಕೊಳವೆಯೊಳಗೆ ಹೋದ ನೀರು ಅದಿರನ್ನು ಹೊತ್ತು ಪಡುವಣ ಕರಾವಳಿಗೆ ಇಳಿಯುತ್ತಿತ್ತು.

ಕೊಳವೆಗೆ ನೆಲ ಸಿಗುವುದು ಭೂಸ್ವಾಧೀನದಿಂದಲ್ಲ, ಬಳಕೆಯ ಹಕ್ಕಿನಿಂದ. ಇದಕ್ಕಾಗಿ 1962ರಲ್ಲಿ ಆದ ಕಾಯ್ದೆ ಮೊದಲು ಪೆಟ್ರೋಲಿಯಂ ಕೊಳವೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1977ರ ತಿದ್ದುಪಡಿ ಖನಿಜದ ಕೊಳವೆಗಳನ್ನೂ ಅದರೊಳಗೆ ಸೇರಿಸಿತು. ಕುದುರೆಮುಖದ ಕಾಮಗಾರಿ ನಡೆಯುತ್ತಿದ್ದ ಕಾಲವೇ ಅದು. ಕಾಯ್ದೆಯ ಪ್ರಕಾರ ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ, ಪಹಣಿ ಬದಲಾಗುವುದಿಲ್ಲ. ಅಧಿಸೂಚನೆ ಹೊರಟ 21 ದಿನದೊಳಗೆ ಆಕ್ಷೇಪ ಸಲ್ಲಿಸಬಹುದು. ಬೆಳೆ, ಮರ ಹಾಳಾದುದಕ್ಕೆ ಪರಿಹಾರ ಬೇರೆ. ಬಳಕೆಯ ಹಕ್ಕಿಗೆಂದು ನೆಲದ ಮಾರುಕಟ್ಟೆ ಬೆಲೆಯ ಶೇ 10. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬೇಕು. ಅದಾದ ಮೇಲೆ ಕೊಳವೆ ಹಾದುಹೋದ ನೆಲದ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ–ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಗದ್ದೆಯವನಿಗೆ ಈ ಷರತ್ತು ಅಷ್ಟಾಗಿ ತಟ್ಟದು. ಕೊಳವೆ ಮುಚ್ಚಿದ ಮರುವರ್ಷ ಅವನು ನಾಟಿ ಮಾಡಬಹುದು. ಅಡಿಕೆ, ಕಾಫಿ ಬೆಳೆಯುವವನಿಗೆ ಹಾಗಲ್ಲ. ಮರವನ್ನೇ ನಂಬಿದ ತೋಟದಲ್ಲಿ ಮರ ನೆಡಬಾರದ ಪಟ್ಟಿ ಎಂದರೆ ಆ ನೆಲ ಬೆಳೆಗೆ ಇಲ್ಲವಾದಂತೆಯೇ. ಶೇ 10ರ ಲೆಕ್ಕ ಮಲೆನಾಡಿಗೆ ಹೊಂದುವುದಿಲ್ಲ.

ಕುದುರೆಮುಖದಲ್ಲಿ ಕಾಡು, ಪರಿಸರದ ಹಲವು ಕಾನೂನುಗಳು ಕೊಳವೆಯ ಹಿಂದೆ ಬಂದಿವೆ. ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಯಾದದ್ದು 1980ರ ಅಕ್ಟೋಬರ್‌ನಲ್ಲಿ, ಯೋಜನೆ ಮುಗಿದ ವರ್ಷ. ಪರಿಸರ ಸಂರಕ್ಷಣಾ ಕಾಯ್ದೆ 1986ರದು; ಯೋಜನೆಗೆ ಮೊದಲೇ ಪರಿಸರ ಪರಿಣಾಮದ ಅಧ್ಯಯನ ಆಗಬೇಕೆಂಬ ಅಧಿಸೂಚನೆ 1994ರದು. 1980ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ಇಲ್ಲಿನ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿ ಈ ಕಾಡುಗಳನ್ನು ಉಳಿಸಬೇಕೆಂದು ಹೇಳಿದ ನಂತರ, 1987ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಪ್ರಾಥಮಿಕ ಅಧಿಸೂಚನೆ ಹೊರಟಿತು. ಅಂತಿಮ ಅಧಿಸೂಚನೆಗೆ 2001ರ ಜೂನ್‌ವರೆಗೆ ಕಾಯಬೇಕಾಯಿತು. ಸುಮಾರು 600 ಚದರ ಕಿಲೋಮೀಟರ್ ಉದ್ಯಾನ ಘೋಷಣೆಯಾದಾಗ ಗಣಿ, ಅಣೆಕಟ್ಟು, ಊರು, ಕೊಳವೆ ಎಲ್ಲವೂ ಆಗಲೇ ಅಲ್ಲಿದ್ದವು. ಸೂಕ್ಷ್ಮ ಪ್ರದೇಶದೊಳಗೆ ಕೊಳವೆ ಹೊಕ್ಕಿತು ಎನ್ನುವುದು ಇಲ್ಲಿ ತಲೆಕೆಳಗಾದ ಮಾತು. ಕೊಳವೆ ಇದ್ದ ನೆಲವನ್ನು ಸೂಕ್ಷ್ಮವೆಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ ಇಪ್ಪತ್ತು ವರ್ಷ ಬೇಕಾಯಿತು.

ಉದ್ಯಾನದ ಘೋಷಣೆ ಕಂಪನಿಗಿಂತ ಮೊದಲು ಮುಟ್ಟಿದ್ದು ಒಳಗಿನ ಮನೆಗಳಿಗೆ. ಮಲೆಕುಡಿಯರೂ ಗೌಡರೂ ಒಕ್ಕಲೇಳಬೇಕಾದೀತೆಂಬ ಭಯದಲ್ಲಿ ಚಳವಳಿಗೆ ಇಳಿದರು. ಸುತ್ತಿನ ಕಾಡುಗಳಿಗೆ ನಕ್ಸಲರು ಬಂದದ್ದೂ, 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದು ಗ್ರಾಮದಲ್ಲಿ ಗುಂಡಿನ ಕಾಳಗವಾದದ್ದೂ ಇದೇ ಕಾಲಕ್ಕೆ. ಅಜ್ಜನ ಕಾಲದಿಂದ ಇದ್ದವರಿಗೆ ಹೊರಡುವ ಮಾತು, ಸಾವಿರಾರು ಟನ್ ಗುಡ್ಡ ಅಗೆಯುವವರಿಗೆ ವರ್ಷ ವರ್ಷ ಅನುಮತಿ ವಿಸ್ತರಣೆ: ಈ ತಾರತಮ್ಯ ಜನರ ಕಣ್ಣಿಗೆ ಬೀಳದೆ ಇರಲಿಲ್ಲ.

ಗಣಿ ಗುತ್ತಿಗೆ 1999ರ ಜುಲೈಗೆ ಮುಗಿಯಿತು. ಅಲ್ಲಿಂದಾಚೆಗೆ ತಾತ್ಕಾಲಿಕ ಪರವಾನಗಿಗಳ ಮೇಲೆ ಕೆಲಸ ಸಾಗಿತು. ಕಂಪನಿಯ ಕಣ್ಣು ನೆಲ್ಲಿಬೀಡು, ಗಂಗಡಿಕಲ್ಲಿನ ಹೊಸ ಗುಡ್ಡಗಳ ಮೇಲಿತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ 2001ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಮುಖ್ಯ ಪ್ರಶ್ನೆ ಎರಡು: ರಾಷ್ಟ್ರೀಯ ಉದ್ಯಾನದೊಳಗೆ ಗಣಿಗಾರಿಕೆ ವನ್ಯಜೀವಿ ಕಾಯ್ದೆಗೆ ಒಪ್ಪುತ್ತದೆಯೇ, ಭದ್ರೆಗೆ ಸೇರುತ್ತಿರುವ ಹೂಳಿಗೆ ಹೊಣೆ ಯಾರು. ಹೂಳಿನ ವಿಷಯದಲ್ಲಿ ಬರಿಗಣ್ಣಿನ ಸಾಕ್ಷ್ಯಕ್ಕೇನೂ ಕೊರತೆ ಇರಲಿಲ್ಲ. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಹೊಳೆಯನ್ನು ಕಳಸದವರು ವರ್ಷಗಟ್ಟಲೆ ನೋಡಿದ್ದರು. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಹೊಳೆಯ ನೀರು ಹಿಡಿದು ಅಳೆದಾಗ, ಜಲಾನಯನದ ಚಿಕ್ಕ ಭಾಗವಷ್ಟೇ ಆದ ಗಣಿ ಪ್ರದೇಶದಿಂದ ಹೂಳಿನ ದೊಡ್ಡ ಪಾಲು ಬರುತ್ತಿದೆ ಎಂಬುದು ಅಂಕಿಗಳಲ್ಲೂ ಕಂಡಿತು.

2002ರ ಅಕ್ಟೋಬರ್ 30ರಂದು ಬಿ.ಎನ್. ಕೃಪಾಲ್, ವೈ.ಕೆ. ಸಭರ್‌ವಾಲ್, ಅರಿಜಿತ್ ಪಸಾಯತ್ ಅವರ ಪೀಠ ತೀರ್ಪು ಕೊಟ್ಟಿತು. ಆಗಲೇ ಅಗೆದ ಜಾಗದಲ್ಲಿ ಮಾತ್ರ 2005ರ ಕೊನೆಯವರೆಗೆ ಕೆಲಸ ಮಾಡಬಹುದು, ಹೊಸ ಗುಡ್ಡ ಮುಟ್ಟುವಂತಿಲ್ಲ. 2005ರ ಡಿಸೆಂಬರ್ 31ರಂದು ಗಣಿ ನಿಂತಿತು. ಅದಿರಿಲ್ಲದ ಮೇಲೆ 67 ಕಿಲೋಮೀಟರ್ ಕೊಳವೆಗೂ ಕೆಲಸವಿಲ್ಲದಾಯಿತು. ಕೊಳವೆಯನ್ನು ಕಡೆಗೆ ನಿಲ್ಲಿಸಿದ್ದು ಕೊಳವೆಯ ಕಾನೂನಲ್ಲ. ಕಾಡಿನ ಕಾನೂನು, ನೀರಿನ ಹೂಳು, ನ್ಯಾಯಾಲಯ ಈ ಮೂರೂ ಸೇರಿ. ಸುರಕ್ಷತೆಯ ತಪಾಸಣೆಯೆಂಬುದು ಕೊಳವೆಯ ಗೋಡೆಯ ದಪ್ಪವನ್ನೂ ಒತ್ತಡವನ್ನೂ ನೋಡುತ್ತದೆ. ಅದು ಎಲ್ಲಿಂದ ಏನನ್ನು ತರುತ್ತಿದೆ ಎಂದು ಕೇಳುವುದಿಲ್ಲ.

ಊರು ಬೇಗನೆ ಬರಿದಾಯಿತು. ಕಂಪನಿ ಬಳ್ಳಾರಿ ಕಡೆಯಿಂದ ಅದಿರು ತರಿಸಿ ಮಂಗಳೂರಿನ ಉಂಡೆ ಕಾರ್ಖಾನೆ ನಡೆಸತೊಡಗಿತು; ನೌಕರರು ವರ್ಗವಾಗಿ, ಸ್ವಯಂ ನಿವೃತ್ತಿ ಪಡೆದು ಚದುರಿದರು. ಕ್ವಾರ್ಟರ್ಸ್‌ಗಳ ಸಾಲಿಗೆ ಸಾಲೇ ಬೀಗ ಬಿದ್ದು, ಹೆಂಚು ಸರಿದ ಕಡೆ ಮಳೆ ಒಳಗಿಳಿದು, ಅಂಗಳದಲ್ಲಿ ಪೊದೆ ಎದ್ದಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ಉದ್ಯಾನವೂ ಅದರಲ್ಲಿತ್ತು. ಈಗ ಬರುವವರಲ್ಲಿ ಹೆಚ್ಚಿನವರು ಚಾರಣಿಗರು, ಹೊರನಾಡು–ಕಳಸದ ಯಾತ್ರಿಕರು.

ಅದಿರಿನ ಕೊಳವೆ ಸುಮ್ಮನಾಗುವ ಹೊತ್ತಿಗೆ ದಕ್ಷಿಣದಲ್ಲಿ ಬೇರೆ ಕೊಳವೆಗಳು ಘಟ್ಟ ಹತ್ತಿದ್ದವು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗುಂತಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಸುಮಾರು 360 ಕಿಲೋಮೀಟರ್ ಮಾರ್ಗ 2003ರ ಸುಮಾರಿಗೆ ಆರಂಭವಾಯಿತು. ಬೆಳ್ತಂಗಡಿ ತಾಲ್ಲೂಕಿನ ನೆರಿಯದ ಪಂಪಿಂಗ್ ಕೇಂದ್ರ ಎಣ್ಣೆಯನ್ನು ಘಟ್ಟದ ಮೇಲಕ್ಕೆ ತಳ್ಳುತ್ತದೆ. ಆಮೇಲೆ ಹಾಸನ, ಮೈಸೂರು ಮಾರ್ಗವಾಗಿ ಸೋಲೂರಿಗೆ ಅಡುಗೆ ಅನಿಲದ ಕೊಳವೆಯೂ ಬಂತು. ಅದಿರಿನ ಕೊಳವೆ ಒಡೆದರೆ ಗದ್ದೆಗೆ ಕಪ್ಪು ಕೆಸರು ನುಗ್ಗುತ್ತದೆ. ಎಣ್ಣೆ, ಅನಿಲದ ಕೊಳವೆ ಒಡೆದರೆ ಬೆಂಕಿ. ಅಮೆರಿಕದ ಬೆಲಿಂಗ್‌ಹ್ಯಾಮ್‌ನಲ್ಲಿ 1999ರ ಜೂನ್‌ನಲ್ಲಿ ಪೆಟ್ರೋಲ್ ಹಳ್ಳಕ್ಕೆ ಸೋರಿ ಹೊತ್ತಿಕೊಂಡು ಮೂವರು ಸತ್ತ ಮೇಲೆ, ಜನವಸತಿ, ಕುಡಿಯುವ ನೀರು, ಅಪರೂಪದ ಜೀವಿಗಳಿರುವ ಕಡೆಗಳನ್ನು ಗುರುತಿಸಿ ಅಲ್ಲಿ ಹೆಚ್ಚಿನ ತಪಾಸಣೆ ಮಾಡುವ ನಿಯಮ ಆ ದೇಶದಲ್ಲಿ ಬಿಗಿಯಾಯಿತು. ಭಾರತದಲ್ಲಿ 2006ರ ಕಾಯ್ದೆಯಿಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ರೂಪುಗೊಂಡು, 2009ರಲ್ಲಿ ಅನಿಲ ಕೊಳವೆಗಳಿಗೆ, 2016ರಲ್ಲಿ ಪೆಟ್ರೋಲಿಯಂ ಕೊಳವೆಗಳಿಗೆ ಸುರಕ್ಷತೆಯ ನಿಯಮಗಳು ಬಂದವು. ಈ ಎರಡರ ನಡುವೆ, 2014ರ ಜೂನ್ 27ರಂದು, ಆಂಧ್ರದ ನಗರಂನಲ್ಲಿ ಅನಿಲದ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಕೊಳವೆಗೆ ಕನ್ನ ಹಾಕಿ ಎಣ್ಣೆ ಕದಿಯುವವರಿಗೆ 1962ರ ಕಾಯ್ದೆಯ 2011ರ ತಿದ್ದುಪಡಿ ಶಿಕ್ಷೆ ಹೆಚ್ಚಿಸಿತು.

ಕುದುರೆಮುಖದ ಹಳೆಯ ಲೆಕ್ಕ ಮಾತ್ರ 2024ರಲ್ಲೂ ಚುಕ್ತಾ ಆಗಿರಲಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಳ್ಳಾರಿ ಜಿಲ್ಲೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಇದೇ ಕಂಪನಿಯ ಗಣಿ ಯೋಜನೆಯ ಕಡತಕ್ಕೆ ಸಹಿ ಹಾಕಿದಾಗ, ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅರಣ್ಯಭೂಮಿ ಹಸ್ತಾಂತರಿಸದಂತೆ ತಮ್ಮ ಇಲಾಖೆಗೆ ಸೂಚಿಸಿದರು. ಅವರು ಮುಂದಿಟ್ಟ ಕಾರಣ, ಕುದುರೆಮುಖದಲ್ಲಿ ಆದ ಅರಣ್ಯನಾಶಕ್ಕೆ ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಶಿಫಾರಸು ಮಾಡಿದ ಸಾವಿರ ಕೋಟಿ ರೂಪಾಯಿಗೂ ಮೀರಿದ ಮೊತ್ತವನ್ನು ಕಂಪನಿ ಇನ್ನೂ ಕಟ್ಟಿಲ್ಲ ಎಂಬುದು.