ಆರ್‌ವಿ ಖರೀದಿ: ತಯಾರಕ ಕಂಪನಿ ಮುಚ್ಚಿಹೋಗಿದ್ದಾಗ

ಆರ್‌ವಿ ಎಂದರೆ ಹಾಸಿಗೆ, ಒಲೆ, ಶೌಚಾಲಯ, ನೀರಿನ ಟ್ಯಾಂಕುಗಳನ್ನು ಹೊತ್ತುಕೊಂಡೇ ಓಡಾಡುವ ಪ್ರವಾಸಿ ವಾಹನ. ಅಮೆರಿಕ ಮತ್ತು ಕೆನಡಾಗಳಲ್ಲಿ ಇದರ ಬಳಕೆ ಬಹಳ. ತನ್ನದೇ ಎಂಜಿನ್ ಇದ್ದರೆ ಮೋಟರ್‌ಹೋಮ್, ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವಂಥದ್ದಾದರೆ ಟ್ರಾವೆಲ್ ಟ್ರೈಲರ್. ಕನ್ನಡ ಸಿನಿಮಾ ಶೂಟಿಂಗ್ ನಡೆಯುವಲ್ಲಿ ನಟನಟಿಯರಿಗಾಗಿ ನಿಂತಿರುವ ಕ್ಯಾರವಾನ್‌ಗಳೂ ಇದೇ ಬಳಗದವು. ಅಮೆರಿಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ, ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿರುವ ಆರ್‌ವಿಗಳು ಧಾರಾಳವಾಗಿ ಸಿಗುತ್ತವೆ. ಕಂಪನಿ ಇಲ್ಲ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಗಾಡಿಯನ್ನು ಬಿಡಬೇಕಿಲ್ಲ. ಕಂಪನಿಯ ಜೊತೆ ಏನು ಹೋಯಿತು, ಏನು ಉಳಿಯಿತು ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು.

ಈ ಉದ್ಯಮದಲ್ಲಿ ಕಂಪನಿಗಳು ಮುಳುಗುವುದು ಹೊಸದಲ್ಲ. ಆರ್‌ವಿ ಹೆಚ್ಚಿನವರಿಗೆ ಅನಿವಾರ್ಯವಲ್ಲ. ಸಾಲ ಮಾಡಿ ಕೊಳ್ಳುವವರೇ ಬಹಳ. ಕೈ ಬಿಗಿಯಾದಾಗ ಮೊದಲು ಮುಂದೂಡುವುದೂ ಇದನ್ನೇ. 2006ರಲ್ಲಿ ಕಾರ್ಖಾನೆಗಳಿಂದ ಸುಮಾರು 3.9 ಲಕ್ಷ ಆರ್‌ವಿಗಳು ಹೊರಬಂದಿದ್ದವು. ಆರ್ಥಿಕ ಕುಸಿತದ ನಂತರ, 2009ರಲ್ಲಿ, ಆ ಸಂಖ್ಯೆ ಸುಮಾರು 1.66 ಲಕ್ಷಕ್ಕೆ ಇಳಿಯಿತು. ಕ್ಯಾಲಿಫೋರ್ನಿಯಾದ ನ್ಯಾಷನಲ್ ಆರ್‌ವಿ 2007ರಲ್ಲೇ ದಿವಾಳಿ ಅರ್ಜಿ ಹಾಕಿತ್ತು. 2009ರ ಮಾರ್ಚ್ ತಿಂಗಳಲ್ಲಿ ಫ್ಲೀಟ್‌ವುಡ್ ಎಂಟರ್‌ಪ್ರೈಸಸ್ ಮತ್ತು ಆರೆಗಾನ್ ರಾಜ್ಯದ ಮೊನಾಕೊ ಕೋಚ್ ಎರಡೂ ಅದೇ ದಾರಿ ಹಿಡಿದವು. ಅವು ಕಟ್ಟಿದ ಗಾಡಿಗಳು ಇಂದಿಗೂ ಹೆದ್ದಾರಿಗಳಲ್ಲಿ ಓಡುತ್ತಿವೆ.

ಅದಕ್ಕೆ ಕಾರಣವಿದೆ. ಆರ್‌ವಿ ಕಂಪನಿ ತಾನೇ ತಯಾರಿಸುವುದು ಕಡಿಮೆ, ಜೋಡಿಸುವುದು ಹೆಚ್ಚು. ನಮ್ಮಲ್ಲಿ ಲಾರಿಯ ಚಾಸಿ ಒಂದು ಕಂಪನಿಯಿಂದ ಬಂದು ಬಾಡಿಯನ್ನು ಬೇರೆ ಕಡೆ ಕಟ್ಟಿಸುವಂತೆ, ಸಾಮಾನ್ಯ ಮೋಟರ್‌ಹೋಮಿನ ಚಾಸಿ ಫೋರ್ಡ್ ಅಥವಾ ಫ್ರೈಟ್‌ಲೈನರ್‌ನದು. ಫ್ರಿಜ್ ಡೊಮೆಟಿಕ್‌ನದಿರಬಹುದು, ವಾಟರ್ ಹೀಟರ್ ಸಬರ್ಬನ್‌ನದು, ಟ್ರೈಲರಾದರೆ ಆಕ್ಸಲ್ ಡೆಕ್ಸ್‌ಟರ್‌ನದು. ಇವುಗಳ ಬಿಡಿಭಾಗಕ್ಕೆ ಮುಚ್ಚಿದ ಕಂಪನಿಯ ಹಂಗಿಲ್ಲ. ಸಿಗದೆ ಹೋಗುವುದು ಆ ಮಾದರಿಗೆಂದೇ ಅಚ್ಚು ಹಾಕಿ ಮಾಡಿದ ಸಾಮಾನು: ಫೈಬರ್‌ಗ್ಲಾಸ್ ಮೂತಿ, ಲಗೇಜ್ ಬಾಗಿಲುಗಳು, ಬಾಗಿದ ವಿಂಡ್‌ಶೀಲ್ಡ್. ಗೋಡೆಯೊಳಗೆ ಹಾಯ್ದ ವೈರಿಂಗಿನ ನಕ್ಷೆ ಕೈತಪ್ಪಿದರಂತೂ ಎಲೆಕ್ಟ್ರಿಷಿಯನ್ನನ ಕೂಲಿ ಏರುತ್ತಲೇ ಹೋಗುತ್ತದೆ. ಹಳೆಯ ಮಾಲೀಕರು ಕಾಗದಪತ್ರಗಳ ಫೈಲನ್ನು ಜೋಪಾನವಾಗಿ ಇಟ್ಟಿದ್ದರೆ ಅಂಥ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ವಿಚಿತ್ರವೆಂದರೆ, ಗಾಡಿ ದುಬಾರಿಯಾದಷ್ಟೂ ಈ ತೊಂದರೆ ಹೆಚ್ಚು. ಮೊನಾಕೊ ತನ್ನ ಐಷಾರಾಮಿ ಬಸ್ಸುಗಳಿಗೆ ರೋಡ್‌ಮಾಸ್ಟರ್ ಎಂಬ ಸ್ವಂತ ಚಾಸಿಯನ್ನೇ ಕಟ್ಟುತ್ತಿತ್ತು. ಆರೆಗಾನ್‌ನ ಕಂಟ್ರಿ ಕೋಚ್ ಕೂಡ ಡೈನೊಮ್ಯಾಕ್ಸ್ ಹೆಸರಿನಲ್ಲಿ ಹಾಗೆಯೇ ಮಾಡಿತ್ತು. ಅಂಥವುಗಳಲ್ಲಿ ಎಂಜಿನ್‌ಗೆ, ಆಲಿಸನ್ ಗೇರ್‌ಬಾಕ್ಸ್‌ಗೆ ಮೆಕ್ಯಾನಿಕ್ ಸಿಗುತ್ತಾನೆ. ಸಸ್ಪೆನ್ಷನ್ನಿನ ಒಂದು ಬ್ರಾಕೆಟ್ಟಿಗೆ ಅಲೆಯಬೇಕಾದೀತು. ಫೋರ್ಡ್ ಚಾಸಿಯ ಸಾದಾ ಮೋಟರ್‌ಹೋಮ್ ಕೊಂಡವರಿಗೆ ಈ ಪಾಡಿಲ್ಲ.

ಕೆನಡಾದ ರೋಡ್‌ಟ್ರೆಕ್ ಈಚಿನ ಉದಾಹರಣೆ. ಇದರ ಒಡೆತನ ಹೊಂದಿದ್ದ ಹೈಮರ್ ಗುಂಪನ್ನು ಅಮೆರಿಕದ ಥಾರ್ ಇಂಡಸ್ಟ್ರೀಸ್ ಕೊಳ್ಳಲು ಹೊರಟಾಗ, ಗುಂಪಿನ ಉತ್ತರ ಅಮೆರಿಕ ಘಟಕದ ಲೆಕ್ಕಪತ್ರಗಳಲ್ಲಿ ಅವ್ಯವಹಾರ ಕಂಡುಬಂತು. ಥಾರ್ ಆ ಘಟಕವನ್ನು ಕೈಬಿಟ್ಟಿತು, 2019ರ ಫೆಬ್ರುವರಿಯಲ್ಲಿ ಅದು ರಿಸೀವರ್ ವಶಕ್ಕೆ ಹೋಯಿತು. ಗಾಡಿ ಕೊಂಡವರಿಗೆ ವ್ಯಾನಿನ ಮಟ್ಟಿಗೆ ಮರ್ಸಿಡಿಸ್ ಅಥವಾ ರ‍್ಯಾಮ್ ಇದ್ದವು. ಆದರೆ ಇಕೋಟ್ರೆಕ್ ಎಂಬ ಲಿಥಿಯಂ ಬ್ಯಾಟರಿ ವ್ಯವಸ್ಥೆ ರೋಡ್‌ಟ್ರೆಕ್‌ನದೇ. ಅದು ಕೆಟ್ಟಾಗ ಕೇಳಲು ಯಾರೂ ಉಳಿಯಲಿಲ್ಲ. ಅದೇ ವರ್ಷ ಫ್ರಾನ್ಸಿನ ರಾಪಿಡೊ ಗುಂಪು ರೋಡ್‌ಟ್ರೆಕ್ ಹೆಸರನ್ನು ಕೊಂಡು ಹೊಸ ಗಾಡಿಗಳನ್ನು ತಯಾರಿಸತೊಡಗಿತು.

ಹೀಗೆ ಹೆಸರು ಮರಳಿ ಬಂದರೆ ಮೋಸಹೋಗಬಾರದು. ದಿವಾಳಿ ಕಂಪನಿಯನ್ನು ಕೊಳ್ಳುವವರು ಸಾಮಾನ್ಯವಾಗಿ ಬ್ರ್ಯಾಂಡ್, ಅಚ್ಚು, ಯಂತ್ರಗಳನ್ನು ಕೊಳ್ಳುತ್ತಾರೆ. ಸಾಲ ಮತ್ತು ಹಳೆಯ ವಾರಂಟಿಯನ್ನು ಹೊರಗಿಡುತ್ತಾರೆ. ಮುಂಭಾಗದ ಲಾಂಛನ ಒಂದೇ ಆಗಿದ್ದರೂ ಹೊಣೆ ಬೇರೆ. ಸುರಕ್ಷತಾ ದೋಷಕ್ಕೆ ಗಾಡಿಯನ್ನು ವಾಪಸ್ ಕರೆಸಿ ಉಚಿತವಾಗಿ ಸರಿಪಡಿಸುವ ರೀಕಾಲ್ ವಿಚಾರದಲ್ಲೂ ಇದೇ ಕಥೆ. ಬಾಡಿ ಕಟ್ಟಿದವರಿಲ್ಲದಿದ್ದರೆ ಆ ಭಾಗಕ್ಕೆ ದಿಕ್ಕಿಲ್ಲ. ಆದರೆ ಫ್ರಿಜ್, ಚಾಸಿಗಳ ರೀಕಾಲನ್ನು ಆಯಾ ತಯಾರಕರು ನಡೆಸುತ್ತಾರೆ, ಆದ್ದರಿಂದ ಚಾಸಿ ನಂಬರ್ ಹಿಡಿದು ವಿಚಾರಿಸುವುದು ವ್ಯರ್ಥವಲ್ಲ.

ಕಂಪನಿಗಿಂತ ಬಳಕೆದಾರರ ಬಳಗ ದೊಡ್ಡ ಆಸರೆ. ಜಿಎಂಸಿ ಮೋಟರ್‌ಹೋಮ್ ಇದಕ್ಕೆ ಸಾಕ್ಷಿ. ಜನರಲ್ ಮೋಟರ್ಸ್ ಇದನ್ನು 1973ರಿಂದ 1978ರವರೆಗಷ್ಟೇ ತಯಾರಿಸಿತು. ಸುಮಾರು 13 ಸಾವಿರ ಗಾಡಿಗಳು. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ಎಂಜಿನ್, ಮುಂಚಕ್ರ ಚಾಲನೆ, ತಗ್ಗಿದ ನೆಲ ಇದರ ವಿಶೇಷ. ತಯಾರಿಕೆ ನಿಂತು ದಶಕಗಳಾದರೂ ಕ್ಲಬ್ಬುಗಳಿವೆ, ಬಿಡಿಭಾಗಗಳನ್ನು ಹೊಸದಾಗಿ ಮಾಡಿಕೊಡುವ ಸಣ್ಣ ಉದ್ಯಮಿಗಳಿದ್ದಾರೆ. ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗಿ ಯಾರೂ ನೆನಪಿಡದ ಬ್ರ್ಯಾಂಡಿಗೆ ಈ ಭಾಗ್ಯವಿಲ್ಲ.

ಹಳೆಯ ಆರ್‌ವಿಯನ್ನು ಹಾಳುಮಾಡುವುದರಲ್ಲಿ ನೀರಿಗೆ ಮೊದಲ ಸ್ಥಾನ. ಚಾವಣಿಯ ಕೀಲುಗಳಲ್ಲಿ ಇಳಿದ ಮಳೆನೀರು ಗೋಡೆಯ ಪ್ಲೈವುಡ್ಡನ್ನು ಕೊಳೆಸಿ, ಫೈಬರ್‌ಗ್ಲಾಸ್ ಹಾಳೆಯನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಕೈಯಿಂದ ಒತ್ತಿದಾಗ ಗೋಡೆ ಮೆತ್ತಗಿದ್ದರೆ ಅಲ್ಲಿಗೇ ಮಾತು ಮುಗಿಸಬಹುದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಗ್ಯಾಸ್ ಕೊಳವೆಯ ಸೋರಿಕೆ ಪರೀಕ್ಷೆಯನ್ನು ಮಾತ್ರ ತಿಳಿದವರಿಂದಲೇ ಮಾಡಿಸಬೇಕು. ವಿಮೆಯವರೊಂದಿಗೂ ಮೊದಲೇ ಮಾತಾಡುವುದು ಒಳ್ಳೆಯದು: ಮುಂಭಾಗದ ಅಚ್ಚೇ ಸಿಗದ ಗಾಡಿ ಸಣ್ಣ ಡಿಕ್ಕಿಗೂ ದುರಸ್ತಿಗೆ ಯೋಗ್ಯವಲ್ಲವೆಂದು ತೀರ್ಮಾನವಾಗಬಹುದು. ಕೆಲವು ಖಾಸಗಿ ಆರ್‌ವಿ ಪಾರ್ಕುಗಳು ಹತ್ತು ವರ್ಷ ದಾಟಿದ ಗಾಡಿಗಳನ್ನು ಒಳಗೆ ಬಿಡುವುದಿಲ್ಲ. ಫೋಟೋ ಕಳಿಸಿ, ಗಾಡಿ ಚೆನ್ನಾಗಿದೆಯೆಂದು ತೋರಿಸಿದರೆ ಒಪ್ಪುವವರೂ ಇದ್ದಾರೆ.