ಕೃಷ್ಣಗಿರಿಯ ಲಗ್ಗೆ, ಶ್ರೀರಂಗಪಟ್ಟಣದ ಕಾಗದ

ಹೊಸೂರಿನ ಎತ್ತರದ ನೆಲ ಮುಗಿದು ಭೂಮಿ ಮೂಡಣಕ್ಕೆ ಇಳಿಯುವಲ್ಲಿ ಹರಡಿರುವ ಕೃಷ್ಣಗಿರಿ ಸೀಮೆಯನ್ನು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬಾರಾಮಹಲ್ ಎಂದು ಕರೆಯುತ್ತಿದ್ದರು. ಹನ್ನೆರಡು ಕೋಟೆಗಳ ನಾಡು ಎಂಬುದು ಅದಕ್ಕೆ ವಾಡಿಕೆಯ ಅರ್ಥ. ಆರ್ಕಾಟಿನ ಬಯಲಿನಿಂದ ಬೆಂಗಳೂರಿಗೆ ಏರುವ ಕಣಿವೆದಾರಿಗಳು ಈ ಬೆಟ್ಟದ ಕೋಟೆಗಳ ಕಣ್ಣಳತೆಯಲ್ಲೇ ಹಾದುಹೋಗುತ್ತಿದ್ದುದರಿಂದ, 1791ರ ಮಾರ್ಚ್ 21ರಂದು ಬೆಂಗಳೂರನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಪತಿ ಲಾರ್ಡ್ ಕಾರ್ನ್‌ವಾಲಿಸನಿಗೆ, ಇವು ಮೈಸೂರಿನವರ ವಶದಲ್ಲಿರುವಷ್ಟು ಕಾಲ ಮದರಾಸಿನಿಂದ ಬರಬೇಕಾದ ದವಸ, ಎತ್ತು, ಮದ್ದುಗುಂಡುಗಳ ಭರವಸೆ ಇರಲಿಲ್ಲ.

ಜುಲೈ ತಿಂಗಳಲ್ಲಿ ಹೊಸೂರಿನ ಕಾವಲುಪಡೆ ಕಾದಾಡದೆ ಕೋಟೆಯನ್ನು ತೆರವು ಮಾಡಿತು. ರಾಯಕೋಟೆಯಲ್ಲಿ ಮೇಜರ್ ಗೌಡಿಯ ಪಡೆ ಕೆಳಕೋಟೆಯನ್ನು ಲಗ್ಗೆಯಿಂದ ಗೆದ್ದ ಬಳಿಕ ಮೇಲ್ಗೋಟೆಯೂ ಶರಣಾಯಿತು. ಕೃಷ್ಣಗಿರಿಯ ಕಥೆ ಬೇರೆ. ನವೆಂಬರ್ 7ರ ರಾತ್ರಿ ಕರ್ನಲ್ ಮ್ಯಾಕ್ಸ್‌ವೆಲ್‌ನ ಸೈನಿಕರು ಏಣಿ ಹಾಕಿ ಪೇಟೆಯನ್ನೂ, ಅಂದರೆ ಬುಡದಲ್ಲಿದ್ದ ಗೋಡೆಸುತ್ತಿನ ಊರನ್ನೂ, ಕೆಳಕೋಟೆಯನ್ನೂ ಹಿಡಿದು, ಓಡುತ್ತಿದ್ದ ಕಾವಲಿನವರ ಬೆನ್ನಟ್ಟಿ ಮೇಲ್ಗೋಟೆಯ ಬಾಗಿಲವರೆಗೂ ಏರಿದರು. ಆದರೆ ಆ ಹೊತ್ತಿಗೆ ಬಾಗಿಲು ಮುಚ್ಚಿತು, ಮೇಲಿನಿಂದ ಉರುಳಿಬಿಟ್ಟ ಬಂಡೆಗಳು ಏಣಿಗಳನ್ನೂ ಅವುಗಳನ್ನು ಹೊತ್ತವರನ್ನೂ ಜಜ್ಜಿಹಾಕಿದವು. ಕಡಿದಾದ ಕಲ್ಲುಬೆಟ್ಟದ ಮೇಲೆ ಗುಂಡುಕಲ್ಲಿಗಿಂತ ಅಗ್ಗದ ಆಯುಧ ಇನ್ನೊಂದಿಲ್ಲ. ಮ್ಯಾಕ್ಸ್‌ವೆಲ್ ಲಗ್ಗೆಯನ್ನು ಕೈಬಿಟ್ಟು ಹಿಂದಿರುಗಬೇಕಾಯಿತು.

ಹೀಗೆ ಲಗ್ಗೆಗೆ ಬಗ್ಗದ ಕೋಟೆ, 1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟಾಗ, ಬಾರಾಮಹಲಿನ ಜೊತೆಗೇ ಕಂಪನಿಯ ಪಾಲಾಯಿತು. ಕಪ್ಪು ಸಮುದ್ರದ ದಡದ ಚೆರ್ಕೆಸ್ ಜನರ ನಾಡನ್ನೂ 1829ರ ಏಡ್ರಿಯಾನೋಪಲ್ ಒಪ್ಪಂದದಲ್ಲಿ ತುರ್ಕಿಯ ಸುಲ್ತಾನ ಹೀಗೆಯೇ ರಷ್ಯಾಕ್ಕೆ ಬರೆದುಕೊಟ್ಟನು. ಆದರೆ ಆ ಗುಡ್ಡಗಾಡಿನವರು ಕಾಗದವನ್ನು ಒಪ್ಪದೆ 1864ರವರೆಗೆ ಹೋರಾಡಿದರು. ಅದೇ ಬೆಟ್ಟಸೀಮೆಯ ಪೂರ್ವದ ದಾಗೆಸ್ತಾನದಲ್ಲಿ 1834ರಿಂದ ಮುಂದಾಳಾಗಿದ್ದ ಇಮಾಮ್ ಶಮೀಲ್ 1859ರಲ್ಲಿ ಗುನೀಬ್ ಬೆಟ್ಟದ ಮೇಲೆ ಸೆರೆಯಾಗುವ ತನಕ ರಷ್ಯಾದ ವಿರುದ್ಧ ಕಾದಿದನು. ಕೃಷ್ಣಗಿರಿಯಲ್ಲಿ ಕಾದವರು ದೊರೆಯ ಸಂಬಳ ಉಣ್ಣುವ ಕಾವಲುಪಡೆಯವರು, ದೊರೆಯ ಅಪ್ಪಣೆಯೊಂದಿಗೆ ಅವರ ಕೆಲಸವೂ ಮುಗಿಯಿತು. ಇದನ್ನು ಮರೆತು ಎರಡನ್ನೂ ಒಂದೇ ಬಗೆಯ ಜನಹೋರಾಟವೆಂದು ಬಣ್ಣಿಸುವುದು ಇತಿಹಾಸವಲ್ಲ.

ಒಪ್ಪಂದವಾದ 1792ರಲ್ಲೇ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಬಾರಾಮಹಲಿನ ಆಡಳಿತಕ್ಕೆ ಬಂದು, ಥಾಮಸ್ ಮನ್ರೋ ಮೊದಲಾದ ಸಹಾಯಕರೊಡನೆ ಹೊಲಗಳನ್ನು ಅಳೆದು ಕಂದಾಯ ಕಟ್ಟುವ ಕೆಲಸಕ್ಕೆ ತೊಡಗಿದನು. ಘಟ್ಟದ ಮೇಲಿನ ಹೊಸೂರು ಮಾತ್ರ ಮೈಸೂರಿಗೆ ಮರಳಿ, ಟಿಪ್ಪು ಮಡಿದ 1799ರಲ್ಲಿ ಕಂಪನಿಯ ಕೈಸೇರಿತು.