ಅಜ್ಜಿ ಗುರುತಿಸದ ದನಿ: ಹಳೆ ರೆಕಾರ್ಡ್, ಹೊಸ ಸಾಫ್ಟ್‌ವೇರ್

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತೆ.

ನಮ್ಮ ಮನೆ ಅಟ್ಟದಲ್ಲಿ ತಾತನ ಕಾಲದ ಒಂದು ರೆಕಾರ್ಡ್ ಸಿಕ್ತು. ಏಳು ಇಂಚಿನ ವಿನೈಲ್ ತಟ್ಟೆ, ಪಿ.ಬಿ. ಶ್ರೀನಿವಾಸ್ ಹಾಡುಗಳು. ಗೆಳೆಯನ ಟರ್ನ್‌ಟೇಬಲ್ ತಂದು ಲ್ಯಾಪ್‌ಟಾಪಿಗೆ ಇಳಿಸಿದೆ. ನಾಯ್ಸ್ ರಿಡಕ್ಷನ್ ಪೂರ್ತಿ ಏರಿಸಿದೆ. ಕರಕರ ಸದ್ದೆಲ್ಲ ಮಾಯ! ಎಂಪಿ3 ಮಾಡಿ, ಮೂಲ ಫೈಲ್ ಡಿಲೀಟ್ ಮಾಡ್ಬಿಟ್ಟೆ. ಅಜ್ಜಿ ಕೇಳಿ ಅಂದ್ರು: "ಹಾಡು ಅದೇ ಕಣೋ, ದನಿ ಅವರದಲ್ಲ. ಬಾವಿಯೊಳಗೆ ಕೂತು ಹಾಡಿದ ಹಾಗಿದೆ."

ಎಡವಿದ್ದು ಎಲ್ಲಿ? ಸ್ವಲ್ಪ ಹಿಂದಕ್ಕೆ ಹೋಗೋಣ.

ಬೇಸ್ ಸದ್ದನ್ನು ಇದ್ದ ಹಾಗೇ ಕೊರೆದರೆ ತಟ್ಟೆಯ ಗೀರು ತುಂಬ ಜಾಗ ತಿನ್ನುತ್ತೆ. ಅದಕ್ಕೇ ಕೊರೆಯುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸ್ತಾರೆ; ನುಡಿಸುವಾಗ ಉಲ್ಟಾ. ಎಷ್ಟು ಅನ್ನೋದಕ್ಕೆ ಮೊದಲು ಕಂಪನಿಗೊಂದು ಲೆಕ್ಕ ಇತ್ತು. 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮದ ಸಂಘ 'ಆರ್‌ಐಎಎ' ಒಂದೇ ಲೆಕ್ಕ ತಂದಿತು. ಆಮೇಲಿನ ವಿನೈಲ್‌ಗೆ ಫೋನೋ ಪ್ರೀಆಂಪ್ ಸಾಕು. ಹಳೆಯ 78 ಆರ್‌ಪಿಎಂ ಅರಗಿನ ತಟ್ಟೆಗಳಿಗೆ ಬೇರೆ ಬೇರೆ ಕರ್ವ್ ಕೊಡುವ ಸಾಫ್ಟ್‌ವೇರ್ ಬೇಕು.

ಆ ಸೌಲಭ್ಯ ಉಚಿತವಾಗಿ ಸಿಗೋದು ಆಡಾಸಿಟಿಯಲ್ಲಿ. 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಅದನ್ನು ಶುರು ಮಾಡಿದ್ರು. 2000ದಲ್ಲಿ ಜನರ ಕೈಗೆ ಬಂತು. 1990ರ ದಶಕದ ಕೂಲ್ ಎಡಿಟ್ ಅನ್ನು 2003ರಲ್ಲಿ ಅಡೋಬಿ ಕೊಂಡು ಆಡಿಷನ್ ಮಾಡಿತು. ಈಗ ಅದಕ್ಕೆ ಚಂದಾ ಕಟ್ಟಬೇಕು. 2007ರಲ್ಲಿ ಬಂದ ಐಜೋಟೋಪ್ ಆರ್‌ಎಕ್ಸ್ ಸದ್ದನ್ನು ಚಿತ್ರದ ಹಾಗೆ ತೋರಿಸಿ, ಒಂದೇ ಗೀಚನ್ನು ಹುಡುಕಿ ಅಳಿಸೋಕೆ ಬಿಡುತ್ತೆ. ಅದಕ್ಕೂ ದುಡ್ಡು.

ಆದ್ರೆ ಯಾವುದನ್ನೇ ಆರಿಸಿ, ಒಂದು ವ್ಯತ್ಯಾಸ ಗೊತ್ತಿರಲಿ. ಟಕ್ ಅನ್ನೋ ಸದ್ದು ಕ್ಷಣಮಾತ್ರದ್ದು. ಅದನ್ನು ಕಿತ್ತು, ಅಕ್ಕಪಕ್ಕದ ಸದ್ದಿನಿಂದ ತುಂಬಬಹುದು. 'ಸ್ಸ್' ಅನ್ನೋ ಹಿನ್ನೆಲೆ ಸದ್ದು ಹಾಗಲ್ಲ, ಹಾಡಿನುದ್ದಕ್ಕೂ ದನಿಯ ಜೊತೆ ಬೆರೆತಿರುತ್ತೆ. ಅದನ್ನು ಪೂರ್ತಿ ತೆಗೆಯೋಕೆ ಹೋದ್ರೆ ಗಾಯಕರ ಸ, ಶ, ಷ, ಉಸಿರು ಎಲ್ಲವೂ ಜೊತೆಗೇ ಹೋಗುತ್ತೆ. ನಾನು ಅಳಿಸಿದ್ದು ಅದನ್ನೇ.

ಹಾಗಾಗಿ ಟಕ್ ತೆಗೀರಿ, 'ಸ್ಸ್' ಸ್ವಲ್ಪ ಮಾತ್ರ ತಗ್ಗಿಸಿ. ಎಲ್ಲಕ್ಕಿಂತ ಮೊದಲು, ಏನೂ ಮುಟ್ಟದ ಪ್ರತಿಯೊಂದನ್ನು 24 ಬಿಟ್ ವೇವ್ ಅಥವಾ ಫ್ಲ್ಯಾಕ್ ಫೈಲಾಗಿ ಎತ್ತಿಡಿ. ಬಿ.ಕಾಂ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ, ಲೆಡ್ಜರ್ ತಿದ್ದಬಹುದು, ಒರಿಜಿನಲ್ ವೋಚರ್ ಹರಿಯಬಾರದು.

ನಾನು ಮತ್ತೆ ರೆಕಾರ್ಡ್ ಮಾಡೋಣ ಅಂತ ಹೋದೆ. ಕಿಟಕಿ ಪಕ್ಕ ಬಿಸಿಲಿಗೆ ಬಿಟ್ಟಿದ್ದ ತಟ್ಟೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಮುಳ್ಳು ನಿಲ್ಲಲೇ ಇಲ್ಲ. ಈಗ ನಮ್ಮನೇಲಿ ಉಳಿದಿರೋದು ಆ ಬಾವಿಯೊಳಗಿನ ದನಿ ಮಾತ್ರ.

ನಿಮ್ಮ ಅಟ್ಟದಲ್ಲೂ ತಟ್ಟೆಗಳಿದ್ರೆ ಮೊದಲು ನೆರಳಿಗೆ ತನ್ನಿ. ಸಾಫ್ಟ್‌ವೇರ್ ಆಮೇಲೆ. ಮುಂದಿನ ವಾರ ಸಿಗೋಣ.